ಬೀಗ ಹಾಕಿದ ಮೈದಾನ, ಕೈಗೆ ಕೊಟ್ಟ ಪರದೆ

2025ರ ಸೆಪ್ಟೆಂಬರ್ 7ರ ಭಾನುವಾರ, ಕರಾವಳಿಯ ನಮ್ಮ ಮನೆಗಳಲ್ಲಿ ಮೊಂತಿ ಹಬ್ಬದ ಮುನ್ನಾದಿನದ ಸಡಗರವಿದ್ದಾಗ, ಅತ್ತ ರೋಮ್ ನಗರದ ಸಂತ ಪೇತ್ರರ ಚೌಕದಲ್ಲಿ ಪೋಪ್ ಹದಿನಾಲ್ಕನೆಯ ಲಿಯೋ ಅವರು ಇಬ್ಬರು ತರುಣರನ್ನು ಸಂತರೆಂದು ಘೋಷಿಸಿದರು. ಒಬ್ಬರು 1901ರಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಹುಟ್ಟಿ, 24ನೆಯ ವಯಸ್ಸಿನಲ್ಲಿ ಪೋಲಿಯೋ ರೋಗಕ್ಕೆ ತುತ್ತಾದ ಪಿಯರ್ ಜಾರ್ಜಿಯೊ ಫ್ರಸಾತಿ. ಪರಮಪ್ರಸಾದದ ಭಕ್ತಿ ಹಾಗೂ ಬಡವರ ಸೇವೆಯೊಂದಿಗೆ ಪರ್ವತಾರೋಹಣವನ್ನೂ ಅವರು ಅಷ್ಟೇ ಪ್ರೀತಿಯಿಂದ ನಡೆಸಿಕೊಂಡು ಬಂದಿದ್ದರು. ಇನ್ನೊಬ್ಬರು 1991ರಲ್ಲಿ ಜನಿಸಿ, 15ನೆಯ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಕಾರ್ಲೊ ಅಕುತಿಸ್. ಕಂಪ್ಯೂಟರ್ ವಿದ್ಯೆಯಲ್ಲಿ ಎಳೆಯ ಪ್ರಾಯದಲ್ಲೇ ಪರಿಣತರಾಗಿದ್ದ ಇವರಿಗೆ ವಿಡಿಯೋ ಆಟಗಳೂ ಇಷ್ಟವಾಗಿದ್ದವು. ಆದರೆ ಆ ಆಟಕ್ಕೆ ವಾರದಲ್ಲಿ ಒಂದು ಗಂಟೆಗಿಂತ ಹೆಚ್ಚು ಸಮಯ ಕೊಡಬಾರದೆಂದು ಅವರು ತಮಗೆ ತಾವೇ ಕಟ್ಟಳೆ ವಿಧಿಸಿಕೊಂಡಿದ್ದರೆಂದು ಅವರ ಜೀವನ ಚರಿತ್ರೆ ಬರೆದವರು ತಿಳಿಸುತ್ತಾರೆ.

ಬೆಟ್ಟ ಹತ್ತಿ ಮೈ ದಣಿಸಿದ ಒಬ್ಬ ಸಂತರು, ಪರದೆಗೆ ಮಿತಿ ಹಾಕಿದ ಇನ್ನೊಬ್ಬ ಸಂತರು ಒಂದೇ ದಿನ ನಮ್ಮ ಮಕ್ಕಳ ಮುಂದೆ ಆದರ್ಶವಾಗಿ ನಿಂತಿದ್ದಾರೆ. ಹೀಗಿರುವಾಗ ಈ ಎರಡೂ ವಿಷಯಗಳಲ್ಲಿ ನಮ್ಮ ಪ್ರಾಥಮಿಕ ಶಾಲೆಯ ಮಕ್ಕಳ ಸ್ಥಿತಿ ಹೇಗಿದೆ ಎಂದು ಕೇಳಿಕೊಳ್ಳುವುದು ಅಪ್ರಸ್ತುತವಾಗಲಾರದು. ಮಕ್ಕಳು ಆಡುವುದಿಲ್ಲ, ಸದಾ ಮೊಬೈಲು ಹಿಡಿದಿರುತ್ತಾರೆ, ಪ್ರಾಯಕ್ಕೆ ಮೀರಿ ದಪ್ಪವಾಗುತ್ತಿದ್ದಾರೆ ಎಂಬ ದೂರು ಈಗ ಪ್ರತಿ ಮನೆಯಲ್ಲೂ ಕೇಳಿಬರುತ್ತಿದೆ. ದೂರು ಸುಳ್ಳಲ್ಲ. ಆದರೆ ಅದನ್ನು ಮಗುವಿನ ಮೇಲೆ ಅಥವಾ ತಾಯಿಯೊಬ್ಬಳ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲವೆಂಬುದು ನಮ್ಮ ಅಭಿಪ್ರಾಯ. ಮಕ್ಕಳಿಂದ ಆಟದ ಅಂಗಳವನ್ನೂ ಆಟದ ವೇಳೆಯನ್ನೂ ಹಿರಿಯರು ಮೊದಲು ಕಿತ್ತುಕೊಂಡರು. ಬರಿದಾದ ಕೈಗೆ ಮೊಬೈಲು ಬಂದದ್ದು ಆ ಬಳಿಕ. ಅಂಗಳಗಳ ಒಡೆತನ ಹೊಂದಿರುವ ಸಮುದಾಯ ನಮ್ಮದಾಗಿರುವುದರಿಂದ ಅವನ್ನು ಹಿಂದಿರುಗಿಸುವ ಹೊಣೆಯೂ ನಮ್ಮ ಮೇಲಿದೆ.

ಮೊದಲು ಅಂಕಿಅಂಶಗಳನ್ನು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 1990ರಲ್ಲಿ ಜಗತ್ತಿನ 5ರಿಂದ 19 ವರ್ಷ ಪ್ರಾಯದವರ ಪೈಕಿ ಶೇಕಡಾ 8ರಷ್ಟು ಮಂದಿ ಅಧಿಕ ತೂಕದವರಾಗಿದ್ದರು. 2022ರ ವೇಳೆಗೆ ಈ ಪ್ರಮಾಣ ಶೇಕಡಾ 20ಕ್ಕೆ ಏರಿತು. ಸಂಖ್ಯೆಯಲ್ಲಿ ಹೇಳುವುದಾದರೆ 39 ಕೋಟಿಗೂ ಮಿಕ್ಕಿದ ಮಕ್ಕಳು ಹಾಗೂ ಹದಿಹರೆಯದವರು. ಇವರಲ್ಲಿ 16 ಕೋಟಿ ಮಂದಿಯದು ಬೊಜ್ಜು ಎಂದು ವೈದ್ಯರು ಗುರುತಿಸುವ ಹಂತ. ಒಂದು ತಲೆಮಾರಿನ ಅವಧಿಯಲ್ಲಿ ಮನುಷ್ಯನ ರಕ್ತದ ಗುಣವಾಗಲಿ ವಂಶದ ಗುಣವಾಗಲಿ ಬದಲಾಗುವುದಿಲ್ಲ. ಬದಲಾದದ್ದು ಮಕ್ಕಳ ಊಟ, ಓಡಾಟ, ನಿದ್ದೆ ಮತ್ತು ಬಿಡುವಿನ ವೇಳೆಯ ರೀತಿ.

ಭಾರತದಲ್ಲಿ ಈ ಸಮಸ್ಯೆಗೆ ಇನ್ನೊಂದು ಮುಖವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳ ಪೈಕಿ ದೇಶದಲ್ಲಿ ಶೇಕಡಾ 35.5 ಮಂದಿ ಪ್ರಾಯಕ್ಕೆ ತಕ್ಕ ಎತ್ತರವಿಲ್ಲದೆ ಕುಂಠಿತರಾಗಿದ್ದರು. ಕರ್ನಾಟಕದ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ. ಅದೇ ಸಮೀಕ್ಷೆಯಲ್ಲಿ ಅಧಿಕ ತೂಕದ ಮಕ್ಕಳ ಪ್ರಮಾಣ ಹಿಂದಿನ ಸಮೀಕ್ಷೆಯ ಶೇಕಡಾ 2.1ರಿಂದ 3.4ಕ್ಕೆ ಏರಿತ್ತು. ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ತರಗತಿಯ ಅಕ್ಕಪಕ್ಕದ ಬೆಂಚುಗಳಲ್ಲಿ, ಸಾಕಷ್ಟು ಪೌಷ್ಟಿಕ ಆಹಾರ ಸಿಗದ ಮಗುವೂ ಅಗತ್ಯಕ್ಕೆ ಮೀರಿ ತಿನ್ನುವ ಮಗುವೂ ಕುಳಿತಿರುವ ಕಾಲ ಇದು. ಆದ್ದರಿಂದ ತೂಕವನ್ನು ಕುರಿತ ನಮ್ಮ ಮಾತು ಉಳ್ಳವರ ಮನೆಯ ಮಾತಾಗಿ ಮುಗಿಯಬಾರದು.

ನಮ್ಮವರಲ್ಲಿ ಸಾಮಾನ್ಯವಾಗಿರುವ ಒಂದು ತಪ್ಪು ತಿಳುವಳಿಕೆಯನ್ನೂ ಇಲ್ಲಿ ಹೇಳಬೇಕು. ನಮ್ಮ ಮಗು ಸಣಕಲಾಗಿದೆ, ಆದ್ದರಿಂದ ಈ ಚಿಂತೆ ನಮಗೆ ಬೇಡ ಎನ್ನುವ ತಂದೆತಾಯಿಗಳಿದ್ದಾರೆ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು ಭಾರತದ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳೊಂದಿಗೆ ಹೋಲಿಸಿ, ನಮ್ಮ ಶಿಶುಗಳು ತೂಕದಲ್ಲಿ ಕಡಿಮೆಯಿದ್ದರೂ ಅವುಗಳ ದೇಹದಲ್ಲಿ ಸ್ನಾಯುವಿನ ಪಾಲು ಕಡಿಮೆ, ಕೊಬ್ಬಿನ ಪಾಲು ಅದಕ್ಕೆ ಹೋಲಿಸಿದರೆ ಹೆಚ್ಚು ಎಂದು ತೋರಿಸಿದರು. ನಮ್ಮ ನಾಡಿನ ಮೈಸೂರಿನಲ್ಲಿಯೂ ಇಂಥ ಅಧ್ಯಯನ ನಡೆದಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ನೋಂದಾಯಿಸಿ, ಅವರಿಗೆ ಹುಟ್ಟಿದ ಮಕ್ಕಳ ಬೆಳವಣಿಗೆಯನ್ನು ಸಂಶೋಧಕರು ವರ್ಷಾನುಗಟ್ಟಲೆ ಗಮನಿಸುತ್ತ ಬಂದರು. ಮಕ್ಕಳು ಮೈಕಟ್ಟಿನಲ್ಲಿ ಸಣ್ಣವರಾಗಿದ್ದರೂ ಬೆನ್ನಿನ ಚರ್ಮದಡಿಯ ಕೊಬ್ಬು ಹುಟ್ಟಿನಿಂದಲೇ ಅಷ್ಟಾಗಿ ಕಡಿಮೆ ಇರಲಿಲ್ಲವೆಂದೂ, ನಾಲ್ಕನೆಯ ವರ್ಷದಲ್ಲಿ ಅದು ಬ್ರಿಟಿಷ್ ಮಕ್ಕಳ ಮಟ್ಟವನ್ನು ಮೀರಿತ್ತೆಂದೂ ಅವರು ಕಂಡರು. ಮುಂದೆ ಸಕ್ಕರೆ ಕಾಯಿಲೆಗೆ ದಾರಿಯಾಗುವ ಮೈಗುಣವಿದು. ಸಣಕಲು ಮಗುವಿಗೂ ಸ್ನಾಯು ಬೆಳೆಯಬೇಕು. ಅದಕ್ಕೆ ಒಳ್ಳೆಯ ಆಹಾರದ ಜೊತೆಗೆ ಓಟ, ಜಿಗಿತ, ಹತ್ತುವಿಕೆ ಬೇಕು. ಆಟವೆನ್ನುವುದು ದಪ್ಪಗಿರುವ ಮಗುವಿಗೆ ವಿಧಿಸುವ ಶಿಕ್ಷೆಯಲ್ಲ, ಎಲ್ಲ ಮಕ್ಕಳಿಗೂ ಸಲ್ಲಬೇಕಾದ ಆಹಾರ.

ಶಿಕ್ಷೆಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿಬಿಡುತ್ತೇವೆ. ಮದುವೆ, ರೋಸ್, ಪ್ರಥಮ ಪರಮಪ್ರಸಾದದ ಔತಣಗಳಲ್ಲಿ ನೆಂಟರಿಷ್ಟರು ಸೇರಿದಾಗ ಎಲ್ಲರ ಎದುರಿಗೆ ಮಗುವನ್ನು ಡುಮ್ಮ, ಡುಮ್ಮಿ ಎಂದು ಕರೆದು ನಗುವ ಚಾಳಿ ನಮ್ಮಲ್ಲಿದೆ. ಪ್ರೀತಿಯ ಮಾತೆಂದು ದೊಡ್ಡವರು ತಿಳಿಯುತ್ತಾರೆ. ಆ ಮಗು ಮರುದಿನ ಆಟದ ಗುಂಪಿನಿಂದ ಹಿಂದೆ ಸರಿಯುತ್ತದೆ, ಓಡಲು ನಾಚುತ್ತದೆ, ಯಾರೂ ನಗದ ಪರದೆಯ ಮುಂದೆ ಹೋಗಿ ಕೂರುತ್ತದೆ. ಮಕ್ಕಳ ತೂಕವನ್ನು ದೊಡ್ಡವರ ಅಳತೆಗೋಲಿನಿಂದ ಅಳೆಯಲೂ ಬಾರದು. ವಯಸ್ಸು, ಎತ್ತರ, ಹುಡುಗನೋ ಹುಡುಗಿಯೋ ಎಂಬುದನ್ನೆಲ್ಲ ನೋಡಿ ಬೆಳವಣಿಗೆಯ ಪಟ್ಟಿಯಲ್ಲಿ ಮಗುವಿನ ಸ್ಥಾನವನ್ನು ಗುರುತಿಸಬೇಕಾದವರು ಮಕ್ಕಳ ವೈದ್ಯರು. ಬೆಳೆಯುವ ಮಗುವನ್ನು ಉಪವಾಸ ಕೆಡಹುವ ಪ್ರಯೋಗಗಳಿಗೆ ತಂದೆತಾಯಿ ಕೈಹಾಕದಿರಲಿ.

ಪರದೆಗೂ ತೂಕಕ್ಕೂ ಇರುವ ನಂಟು ಹಲವು ಬಗೆಯದು. ಪರದೆಯ ಮುಂದಿನ ಮಗು ಕದಲದೆ ಕೂರುತ್ತದೆ. ಕಣ್ಣು ಪರದೆಯಲ್ಲಿದ್ದಾಗ ಹೊಟ್ಟೆ ತುಂಬಿದ ಅರಿವು ತಡವಾಗಿ ಬರುವುದರಿಂದ ಎರಡು ತುತ್ತು ಹೆಚ್ಚೇ ಒಳಗೆ ಹೋಗುತ್ತದೆ. ಬಣ್ಣಬಣ್ಣದ ತಿಂಡಿ ಪೊಟ್ಟಣಗಳ, ಸಿಹಿ ಪಾನೀಯಗಳ ಜಾಹೀರಾತುಗಳು ಅಲ್ಲಿಯೇ ಕಾದು ಕುಳಿತಿರುತ್ತವೆ. ರಾತ್ರಿ ನಿದ್ದೆ ತಡವಾಗುತ್ತದೆ. ನಿದ್ದೆಗೆಟ್ಟ ಮಗುವಿಗೆ ಮರುದಿನ ಹಸಿವು ಹೆಚ್ಚು, ಉತ್ಸಾಹ ಕಡಿಮೆ. ಆದುದರಿಂದಲೇ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಮಾರ್ಗಸೂಚಿ ಎರಡು ವರ್ಷದೊಳಗಿನ ಕೂಸುಗಳಿಗೆ ಪರದೆ ಬೇಡವೇ ಬೇಡ, ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆಯೊಳಗೆ, ಐದರಿಂದ ಹತ್ತು ವರ್ಷದವರಿಗೆ ಎರಡು ಗಂಟೆಯೊಳಗೆ ಎಂದು ಮಿತಿ ಹೇಳಿದೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವಂತೆ ಮೈ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ.

ಪರದೆಯನ್ನು ಕಡಿಮೆ ಮಾಡಿದರೆ ನಿಜಕ್ಕೂ ಫಲವಿದೆಯೇ ಎಂದು ಕೇಳುವವರಿಗೆ ಹಳೆಯದೊಂದು ಪ್ರಯೋಗವನ್ನು ನೆನಪಿಸುತ್ತೇವೆ. ಸಂತ ಜೋಸೆಫರ ಹೆಸರನ್ನೇ ಹೊತ್ತ ಅಮೆರಿಕದ ಸ್ಯಾನ್ ಹೋಸೆ ನಗರದ ಎರಡು ಪ್ರಾಥಮಿಕ ಶಾಲೆಗಳಲ್ಲಿ, ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಡಾ. ಥಾಮಸ್ ರಾಬಿನ್ಸನ್ ಮೂರನೆಯ ಮತ್ತು ನಾಲ್ಕನೆಯ ತರಗತಿಯ ಮಕ್ಕಳನ್ನು ಕುರಿತು ಅಧ್ಯಯನ ನಡೆಸಿ 1999ರಲ್ಲಿ ಪ್ರಕಟಿಸಿದರು. ಒಂದು ಶಾಲೆಯ ಮಕ್ಕಳಿಗೆ ಟಿ.ವಿ., ವಿಡಿಯೋ, ವಿಡಿಯೋ ಆಟಗಳನ್ನು ಕಡಿಮೆ ಮಾಡುವ ಪಾಠಗಳನ್ನು ಆರು ತಿಂಗಳ ಅವಧಿಯಲ್ಲಿ ತರಗತಿಯ ಶಿಕ್ಷಕರೇ ಕಲಿಸಿದರು. ಹತ್ತು ದಿನ ಟಿ.ವಿ. ಪೂರ್ತಿ ಬಂದ್, ಆ ಮೇಲೆ ವಾರಕ್ಕೆ ಏಳು ಗಂಟೆಯ ಮಿತಿ. ವ್ಯಾಯಾಮ ಮಾಡಿರೆಂದು ಬೇರೆ ಉಪದೇಶವಿರಲಿಲ್ಲ. ಇನ್ನೊಂದು ಶಾಲೆಯಲ್ಲಿ ಎಲ್ಲವೂ ಎಂದಿನಂತೆ ನಡೆಯಿತು. ವರ್ಷದ ಕೊನೆಗೆ ನೋಡಿದಾಗ, ಮೊದಲ ಶಾಲೆಯ ಮಕ್ಕಳಲ್ಲಿ ಎತ್ತರಕ್ಕೆ ಹೋಲಿಸಿದ ತೂಕದ ಏರಿಕೆ, ಸೊಂಟದ ಸುತ್ತಳತೆಯ ಏರಿಕೆ ಎರಡೂ ಎರಡನೆಯ ಶಾಲೆಯವರಿಗಿಂತ ಕಡಿಮೆಯಾಗಿದ್ದವು. ಟಿ.ವಿ. ಮುಂದೆ ಕುಳಿತು ಮಾಡುವ ಊಟಗಳ ಸಂಖ್ಯೆಯೂ ಇಳಿದಿತ್ತು. ಕೈಯಲ್ಲಿ ಹಿಡಿದು ಹಾಸಿಗೆಗೂ ಒಯ್ಯಬಹುದಾದ ಪರದೆ ಬರುವುದಕ್ಕೂ ಮುಂಚಿನ ಮಾತಿದು.

ಈಗ ನಮ್ಮೂರ ಮಗುವಿನ ಒಂದು ದಿನವನ್ನು ಲೆಕ್ಕ ಹಾಕೋಣ. ಏಳೆಂಟು ವರ್ಷದ ಮಗುವಿಗೆ ಹತ್ತು ಗಂಟೆ ನಿದ್ದೆ ಬೇಕು. ಶಾಲೆಗೆ ಏಳು ಗಂಟೆ, ಬಸ್ಸಿಗೋ ವ್ಯಾನಿಗೋ ಕಾದು ಪಯಣಿಸಲು ಒಂದೂವರೆ ಗಂಟೆ, ಮನೆಪಾಠ ಮತ್ತು ಟ್ಯೂಷನ್ನಿಗೆ ಇನ್ನೊಂದೂವರೆ ಗಂಟೆ, ಸ್ನಾನ, ಊಟ, ಜಪಸರಕ್ಕೆ ಎರಡು ಗಂಟೆ. ಒಟ್ಟು 22. ಉಳಿಯುವುದು ಎರಡೇ ಗಂಟೆ. ಆ ಎರಡು ಗಂಟೆಯೂ ಪರದೆಗೆ ಹೋದರೆ ವರ್ಷಕ್ಕೆ 730 ಗಂಟೆಗಳಾಗುತ್ತವೆ. ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 800 ಗಂಟೆಗಳ ಪಾಠ ನಡೆಯಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ಅಂದರೆ ಮಾರ್ಗಸೂಚಿಯ ಗಡಿಯಲ್ಲೇ ನಿಂತ ಮಗುವಿನ ಮನೆಯಲ್ಲೂ ಶಾಲೆಯ ಪಾಠಕ್ಕೆ ಸರಿಸಮವಾಗಿ ಮೊಬೈಲಿನ ಪಾಠ ನಡೆದಿರುತ್ತದೆ! ಆಟಕ್ಕೆ ಒಂದು ನಿಮಿಷವೂ ಉಳಿದಿರುವುದಿಲ್ಲ.

ಈ ಎರಡು ಗಂಟೆಗಳನ್ನು ಮಗು ಪರದೆಗೇ ಏಕೆ ಕೊಡುತ್ತದೆ? ಮನೆಯ ಹೊರಗೆ ಕಣ್ಣು ಹಾಯಿಸಿದರೆ ಉತ್ತರ ಸಿಗುತ್ತದೆ. ಹಿಂದೆ ಕೊಯ್ಲು ಮುಗಿದ ಗದ್ದೆಗಳು ಮಕ್ಕಳ ಪಾಲಿಗೆ ಬೇಸಗೆಯ ಮೈದಾನವಾಗಿದ್ದವು. ಲಗೋರಿ, ಚಿನ್ನಿದಾಂಡು, ಕುಂಟೆಬಿಲ್ಲೆ, ಗೋಲಿಗಳಿಗೆ ಮನೆಯಂಗಳ ಸಾಕಾಗುತ್ತಿತ್ತು. ಮೊಂತಿ ಮಾತೆಗೆ ಹೂವು ಅರ್ಪಿಸುವ ಒಂಬತ್ತು ದಿನಗಳಲ್ಲಿ ಮಕ್ಕಳು ಬೇಲಿ, ಗುಡ್ಡ, ತೋಡುಗಳನ್ನೆಲ್ಲ ಸುತ್ತಿ ಬುಟ್ಟಿ ತುಂಬಿಸಿಕೊಳ್ಳುತ್ತಿದ್ದರು. ಇಂದು ಗದ್ದೆಗಳಲ್ಲಿ ಮನೆಗಳೆದ್ದಿವೆ. ಅಂಗಳಕ್ಕೆ ಇಂಟರ್‌ಲಾಕ್ ಹಾಸಿ ಕಾರು ನಿಲ್ಲಿಸಿದ್ದೇವೆ. ರಸ್ತೆ ಅಗಲವಾಗಿ ವಾಹನಗಳ ವೇಗ ಹೆಚ್ಚಿದೆ. ಮಗುವನ್ನು ಒಂಟಿಯಾಗಿ ಕಳುಹಿಸಲು ಹೆದರುವ ತಾಯಿಯ ಭಯ ಸಕಾರಣವಾದದ್ದು. ಅರ್ಪಿಸುವ ಹೂವನ್ನು ಎಷ್ಟೋ ಮನೆಗಳವರು ಅಂಗಡಿಯಿಂದ ತರುತ್ತಾರೆ. ಒಡಹುಟ್ಟಿದವರು ಒಬ್ಬರೋ ಇಬ್ಬರೋ ಇರುವ ಮನೆಯಲ್ಲಿ ಆಟಕ್ಕೆ ಜೊತೆಯೂ ಇಲ್ಲ.

ಇದರ ಮೇಲೆ ಬಂದದ್ದು ಕೊರೋನಾ ಕಾಲ. 2020ರ ಮಾರ್ಚಿನಲ್ಲಿ ಮುಚ್ಚಿದ ಶಾಲೆಗಳು ನಮ್ಮ ರಾಜ್ಯದ ಕಿರಿಯ ತರಗತಿಗಳ ಪಾಲಿಗೆ ಪುನಃ ತೆರೆದದ್ದು 2021ರ ಅಕ್ಟೋಬರಿನಲ್ಲಿ. ಅಷ್ಟೂ ಕಾಲ ಪಾಠವೇ ಮೊಬೈಲಿನಲ್ಲಿ ನಡೆಯಿತು. ಮೊಬೈಲು ಮುಟ್ಟಬೇಡವೆಂದು ಗದರುತ್ತಿದ್ದ ತಂದೆತಾಯಿಯೇ ಅದನ್ನು ಖರೀದಿಸಿ ಮಗುವಿನ ಕೈಗಿತ್ತರು. ಅಂದಿನ ಅನಿವಾರ್ಯವನ್ನು ನಾವು ದೂರುವುದಿಲ್ಲ. ಆದರೆ ಶಾಲೆ ತೆರೆದ ಮೇಲೂ ಮೊಬೈಲು ಮಗುವಿನ ಕೈಯಲ್ಲೇ ಉಳಿಯಿತು. ಮನೆಪಾಠದ ಸೂಚನೆಗಳು ಇಂದಿಗೂ ಅದರಲ್ಲೇ ಬರುವುದರಿಂದ ಅದನ್ನು ತೆಗೆದಿಡುವುದು ಕಷ್ಟವಾಗಿದೆ. ಎಳೆಯ ತರಗತಿಗಳ ಮನೆಪಾಠವನ್ನು ಪುಸ್ತಕದಲ್ಲೇ ಬರೆಸಿ ಕಳುಹಿಸುವ ಹಳೆಯ ಪದ್ಧತಿಗೆ ನಮ್ಮ ಶಾಲೆಗಳು ಮರಳಲೆಂದು ಕೋರುತ್ತೇವೆ.

ನಮ್ಮ ಸಮುದಾಯಕ್ಕೆ ವಿಶೇಷವಾದ ಇನ್ನೊಂದು ಸ್ಥಿತಿಯನ್ನೂ ಮರೆಯಬಾರದು. ತಂದೆ ಗಲ್ಫ್ ದೇಶದಲ್ಲಿ, ಹಲವೆಡೆ ತಾಯಿಯೂ ಅಲ್ಲಿಯೇ ಉದ್ಯೋಗದಲ್ಲಿದ್ದು, ಮಕ್ಕಳನ್ನು ಅಜ್ಜಅಜ್ಜಿಯರು ನೋಡಿಕೊಳ್ಳುವ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ದೂರದ ತಂದೆಯ ಮುಖ ಕಾಣಲು ಮಗುವಿಗೆ ಆ ಪರದೆಯೇ ದಾರಿ. ಅಂಥ ಕರೆಯನ್ನು ಯಾರೂ ದೋಷವೆನ್ನಲಾರರು. ಮಕ್ಕಳ ವೈದ್ಯರ ಮಾರ್ಗಸೂಚಿಯೂ ಎಳೆಗೂಸುಗಳಿಗೆ ಬಂಧುಗಳೊಂದಿಗಿನ ಅಪರೂಪದ ವಿಡಿಯೋ ಕರೆಗೆ ವಿನಾಯಿತಿ ಕೊಟ್ಟಿದೆ. ಕರೆ ಮುಗಿದ ಮೇಲೆ ಮೊಬೈಲು ಮಗುವಿನ ಕೈಯಲ್ಲೇ ಉಳಿಯುವುದು ತೊಂದರೆಯ ಮೂಲ. ಮಂಡಿನೋವಿನ ಅಜ್ಜಿ ಮಗುವಿನ ಹಿಂದೆ ಓಡಲಾರಳು. ಮೊಬೈಲು ತೋರಿಸಿದರೆ ಮಗು ಒಂದೆಡೆ ಕೂರುತ್ತದೆ, ತುತ್ತೂ ಒಳಗೆ ಹೋಗುತ್ತದೆ. ಆ ಅಜ್ಜಿಯನ್ನು ಗದರಿ ಫಲವಿಲ್ಲ. ಮಗುವನ್ನು ನಿಶ್ಚಿಂತೆಯಿಂದ ಕಳುಹಿಸಲು ಹತ್ತಿರದಲ್ಲಿ ಒಂದು ಜಾಗವನ್ನು ಅವಳಿಗೆ ಒದಗಿಸಬೇಕು.

ಅಂಥ ಜಾಗ ನಮ್ಮಲ್ಲಿದೆ. ಕರಾವಳಿಯ ಬಹುತೇಕ ಧರ್ಮಕೇಂದ್ರಗಳಲ್ಲಿ ಇಗರ್ಜಿಯ ಪಕ್ಕದಲ್ಲಿ ಶಾಲೆ, ಶಾಲೆಯ ಎದುರು ಮೈದಾನ, ಬದಿಯಲ್ಲಿ ಸಭಾಭವನ ಇರುವುದು ಸಾಮಾನ್ಯ. ನಮ್ಮ ಪೂರ್ವಿಕರು ಮುಷ್ಟಿ ಅಕ್ಕಿ ಕೂಡಿಸಿ, ಶ್ರಮದಾನ ಮಾಡಿ, ಗುಡ್ಡ ಅಗೆದು ಸಮತಟ್ಟುಗೊಳಿಸಿದ ಮೈದಾನಗಳು ಅನೇಕ. ಶಾಲೆಯ ಸಂಜೆಯ ಗಂಟೆ ಬಾರಿಸಿ ಬಸ್ಸುಗಳು ಹೊರಟ ಬಳಿಕ ಇವುಗಳಲ್ಲಿ ಎಷ್ಟೋ ಮೈದಾನಗಳ ಗೇಟಿಗೆ ಬೀಗ ಬೀಳುತ್ತದೆ. ಕೆಲವೆಡೆ ಮೈದಾನದ ಒಂದು ಭಾಗ ವಾಹನ ನಿಲುಗಡೆಗೆ, ಇನ್ನೊಂದು ಭಾಗ ಹೊಸ ಕಟ್ಟಡಕ್ಕೆ ಹೋಗಿ ಉಳಿದದ್ದು ಬೆಳಗಿನ ಪ್ರಾರ್ಥನೆಗೆ ಸಾಲು ನಿಲ್ಲುವಷ್ಟು ಜಾಗ ಮಾತ್ರ. ಪ್ರತಿ ಶಾಲೆಗೂ ಆಟದ ಮೈದಾನವಿರಬೇಕೆಂದು ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿ ಹೇಳುತ್ತದೆ. ಆಡುವುದು ಮಗುವಿನ ಹಕ್ಕೆಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಸಾರಿದೆ. ಭಾರತ ಅದಕ್ಕೆ 1992ರಲ್ಲೇ ಸಮ್ಮತಿಸಿದೆ.

ಧರ್ಮಸಭೆಯ ಪರಂಪರೆಯೂ ಇದನ್ನೇ ಕಲಿಸುತ್ತದೆ. ಫ್ರಸಾತಿಯವರ ಊರಾದ ಟ್ಯೂರಿನ್ನಿನಲ್ಲೇ ಅವರಿಗಿಂತ ಮುಂಚೆ ಸಂತ ಜಾನ್ ಬೋಸ್ಕೊ ಬಾಳಿದ್ದರು. ಹಳ್ಳಿಗಳಿಂದ ದುಡಿಮೆಗೆ ಬಂದು ಬೀದಿಪಾಲಾದ ಹುಡುಗರನ್ನು ಅವರು ಭಾನುವಾರಗಳಲ್ಲಿ ಒಟ್ಟುಗೂಡಿಸಿ ಪ್ರಾರ್ಥನೆ, ಪಾಠ, ಆಟಗಳನ್ನು ಒಂದಾಗಿ ನಡೆಸಿದರು. ಹುಡುಗರ ಗದ್ದಲ ತಾಳಲಾರದ ನೆರೆಹೊರೆಯವರ ದೂರಿನಿಂದ ಒಂದು ಜಾಗದಿಂದ ಇನ್ನೊಂದಕ್ಕೆ ಅಲೆದಾಡಿ, ಕೊನೆಗೆ 1846ರ ಪಾಸ್ಖ ಹಬ್ಬದ ವೇಳೆಗೆ ವಾಲ್ಡೊಕ್ಕೊ ಎಂಬಲ್ಲಿ ಪಿನಾರ್ಡಿ ಎಂಬವರ ಮುರುಕು ಕೊಟ್ಟಿಗೆಯನ್ನು ಬಾಡಿಗೆಗೆ ಹಿಡಿದರು. ಕೊಟ್ಟಿಗೆ ಪ್ರಾರ್ಥನಾಲಯವಾಯಿತು, ಅದರ ಸುತ್ತಣ ನೆಲ ಹುಡುಗರ ಆಟದ ಅಂಗಳವಾಯಿತು. ಮಕ್ಕಳಿಗೆ ಓಡಾಡಲು, ಕುಣಿದಾಡಲು, ಕೂಗಾಡಲು ಧಾರಾಳ ಸ್ವಾತಂತ್ರ್ಯವಿರಬೇಕೆಂದು ಅವರು ತಮ್ಮ ಶಿಕ್ಷಣ ಪದ್ಧತಿಯನ್ನು ವಿವರಿಸಿದ 1877ರ ಬರಹದಲ್ಲಿ ಸ್ಪಷ್ಟವಾಗಿ ತಿಳಿಸಿದ್ದಾರೆ. ಅವರ ಸಲೇಸಿಯನ್ ಸಭೆಯವರು ಇಂದಿಗೂ ತಮ್ಮ ಸೇವೆಯ ಮಾದರಿಯನ್ನು ಮನೆ, ದೇವಾಲಯ, ಶಾಲೆ, ಆಟದ ಅಂಗಳ ಎಂಬ ನಾಲ್ಕು ಹೆಸರುಗಳಲ್ಲಿ ಹೇಳುತ್ತಾರೆ. ನಮ್ಮ ಧರ್ಮಕೇಂದ್ರಗಳಲ್ಲಿ ಮೊದಲ ಮೂರಕ್ಕೆ ಕೊರತೆಯಿಲ್ಲ.

ಹೆಚ್ಚು ಖರ್ಚಿಲ್ಲದೆ ಏನು ಸಾಧ್ಯವೆಂಬುದಕ್ಕೆ ಸ್ಕಾಟ್ಲೆಂಡಿನ ಒಂದು ಉದಾಹರಣೆಯನ್ನು ನೋಡಬಹುದು. ಆ ನಾಡಿಗೆ ಶುಭಸಂದೇಶವನ್ನು ಮೊದಲು ಸಾರಿದವರಲ್ಲಿ ಒಬ್ಬರೆಂದು ಗೌರವಿಸಲಾಗುವ ಸಂತ ನಿನಿಯನರ ಹೆಸರಿನ ಪ್ರಾಥಮಿಕ ಶಾಲೆಯೊಂದು ಸ್ಟರ್ಲಿಂಗ್ ನಗರದಲ್ಲಿದೆ. ಅಲ್ಲಿನ ಮುಖ್ಯೋಪಾಧ್ಯಾಯಿನಿ ಎಲೈನ್ ವೈಲಿಯವರು, ಮೈದಾನಕ್ಕೆ ಒಂದು ಸುತ್ತು ಬರುವಷ್ಟರಲ್ಲಿ ಮಕ್ಕಳು ಏದುಸಿರು ಬಿಡುವುದನ್ನು ಕಂಡು, 2012ರಲ್ಲಿ ಒಂದು ಸರಳ ಕ್ರಮ ಆರಂಭಿಸಿದರು. ದಿನವೂ ಪಾಠದ ನಡುವೆ 15 ನಿಮಿಷ ಮಕ್ಕಳು ಇರುವ ಉಡುಪಿನಲ್ಲೇ ಹೊರಗೆ ಬಂದು ತಮ್ಮ ಶಕ್ತಿಯಂತೆ ಓಡುವುದು ಅಥವಾ ನಡೆಯುವುದು. ಸ್ಪರ್ಧೆಯಿಲ್ಲ, ಬಹುಮಾನವಿಲ್ಲ, ಕೊನೆಯಲ್ಲಿ ಉಳಿದವನೆಂಬ ಅವಮಾನವಿಲ್ಲ. ಆ ಶಾಲೆಯನ್ನು ಇಂಥ ಕ್ರಮವಿಲ್ಲದ ಇನ್ನೊಂದು ಶಾಲೆಯೊಂದಿಗೆ ಹೋಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವು ಮಕ್ಕಳ ಚುರುಕಿನ ಚಟುವಟಿಕೆ ದಿನಕ್ಕೆ ಸುಮಾರು 9 ನಿಮಿಷ ಹೆಚ್ಚಿದುದನ್ನೂ, ಸುಮ್ಮನೆ ಕೂರುವ ವೇಳೆ ಸುಮಾರು 18 ನಿಮಿಷ ಇಳಿದುದನ್ನೂ, ಓಟದ ಶಕ್ತಿ ವೃದ್ಧಿಸಿ ಚರ್ಮದಡಿಯ ಕೊಬ್ಬು ಕಡಿಮೆಯಾದುದನ್ನೂ ದಾಖಲಿಸಿತು. ಎರಡೇ ಶಾಲೆಗಳ ಹೋಲಿಕೆಯಾದ್ದರಿಂದ ಇದನ್ನು ಕೊನೆಯ ಮಾತೆನ್ನಲಾಗದು. ಆದರೂ ಹಣ, ಉಪಕರಣ, ತರಬೇತುದಾರ ಯಾವುದೂ ಬೇಡದ ಈ ಕ್ರಮವನ್ನು ನಮ್ಮ ಯಾವ ಕನ್ನಡ ಮಾಧ್ಯಮ ಶಾಲೆಯಾದರೂ ನಾಳೆಯೇ ಆರಂಭಿಸಬಹುದಲ್ಲವೆ?

ಈ ಹಿನ್ನೆಲೆಯಲ್ಲಿ ನಮ್ಮ ಸಲಹೆಗಳನ್ನು ಮುಂದಿಡುತ್ತೇವೆ. ಮೊದಲನೆಯದಾಗಿ, ಧರ್ಮಕೇಂದ್ರದ ಶಾಲೆಯ ಮೈದಾನವು ದಿನವೂ ಸಂಜೆ ಐದರಿಂದ ಆರರವರೆಗೆ ಸುತ್ತಲಿನ ಎಲ್ಲ ಮಕ್ಕಳಿಗೆ ತೆರೆದಿರಲಿ. ಎಲ್ಲ ಮಕ್ಕಳಿಗೆ ಎಂದು ಬೇಕೆಂದೇ ಬರೆಯುತ್ತಿದ್ದೇವೆ. ನಮ್ಮ ಶಾಲೆಗಳ ಬೆಂಚುಗಳಲ್ಲಿ ಎಲ್ಲ ಮತಗಳ ಮಕ್ಕಳು ಜೊತೆಯಾಗಿ ಕೂರುತ್ತಾರೆ. ಸಂಜೆಯೂ ಜೊತೆಯಾಗಿ ಆಡಲಿ. ನೆರೆಹೊರೆಯ ಮಕ್ಕಳು ಒಂದೇ ಚೆಂಡಿನ ಹಿಂದೆ ಓಡಿ ಬೆಳೆಯುವುದು ಈ ಕರಾವಳಿಯ ಸೌಹಾರ್ದಕ್ಕೂ ಒಳಿತು. ಎರಡನೆಯದಾಗಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಗಾಲದಲ್ಲಿ ಸಭಾಭವನವನ್ನು ಸಮಾರಂಭವಿಲ್ಲದ ದಿನಗಳಲ್ಲಿ ಅದೇ ಒಂದು ಗಂಟೆ ಮಕ್ಕಳಿಗೆ ಬಿಡಲಿ. ಮೂರನೆಯದಾಗಿ, ಭಾನುವಾರದ ಧರ್ಮೋಪದೇಶದ ತರಗತಿ ಮುಗಿದೊಡನೆ ಮಕ್ಕಳನ್ನು ಮನೆಗೆ ಓಡಿಸದೆ ಅರ್ಧ ಗಂಟೆ ಆಡಿಸಲಿ. ನಾಲ್ಕನೆಯದಾಗಿ, ವೇಳಾಪಟ್ಟಿಯಲ್ಲಿ ಬರೆದಿರುವ ಆಟದ ಅವಧಿಯನ್ನು ಗಣಿತಕ್ಕೋ ಇಂಗ್ಲಿಷಿಗೋ ಒತ್ತುವರಿ ಮಾಡುವ ಪರಿಪಾಠ ನಿಲ್ಲಲಿ.

ಹೆಣ್ಣುಮಕ್ಕಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. 11ರಿಂದ 17 ವರ್ಷದವರನ್ನು ಕುರಿತ 2016ರ ಜಾಗತಿಕ ಲೆಕ್ಕದಲ್ಲಿ ಸಾಕಷ್ಟು ದೈಹಿಕ ಚಟುವಟಿಕೆಯಿಲ್ಲದ ಹುಡುಗರು ಶೇಕಡಾ 78 ಇದ್ದರೆ ಹುಡುಗಿಯರು ಶೇಕಡಾ 85. ಈ ಅಂತರದ ಬೇರು ಎಳವೆಯಲ್ಲಿದೆ. ಮೈದಾನ ತೆರೆದರೆ ಹುಡುಗರ ಕ್ರಿಕೆಟ್ ಅದನ್ನು ಪೂರ್ತಿ ಆವರಿಸಿಕೊಳ್ಳುತ್ತದೆ. ಹುಡುಗಿಯರು ಬದಿಯಲ್ಲಿ ನಿಂತು ನೋಡುತ್ತಾರೆ. ಆದ್ದರಿಂದ ಜಾಗವನ್ನೂ ಚೆಂಡನ್ನೂ ಹಂಚುವ ನಿಯಮವನ್ನು ಮೊದಲ ದಿನವೇ ಮಾಡಬೇಕು.

ಆಕ್ಷೇಪಗಳಿರುವುದು ನಮಗೆ ತಿಳಿಯದ್ದೇನಲ್ಲ. ಮಗು ಬಿದ್ದು ಕೈಮುರಿದುಕೊಂಡರೆ ಹೊಣೆ ಯಾರದು ಎಂದು ಶಾಲಾ ಆಡಳಿತದವರು ಕೇಳುತ್ತಾರೆ. ಕೇಳಬೇಕಾದದ್ದೇ. ಮಕ್ಕಳ ಸುರಕ್ಷತೆಯ ವಿಷಯದಲ್ಲಿ ಉಡಾಫೆ ಸಲ್ಲದು. ವಾಳೆಯ ಗುರಿಕಾರರು ಮುಂದೆ ಬಂದು, ಪ್ರತಿ ಸಂಜೆಗೂ ಇಬ್ಬಿಬ್ಬರು ಹಿರಿಯರನ್ನು ಸರದಿಯಂತೆ ಗೊತ್ತುಮಾಡಿದರೆ ಈ ಹೊಣೆ ಹಗುರವಾಗುತ್ತದೆ. ನಿವೃತ್ತರಾಗಿ ಮನೆಯಲ್ಲಿರುವ ಶಿಕ್ಷಕರು, ಸೈನಿಕರು, ಗಲ್ಫ್‌ನಿಂದ ಹಿಂದಿರುಗಿದವರು ನಮ್ಮಲ್ಲಿ ಅನೇಕರಿದ್ದಾರೆ. ದೇವರು ಪುನಃ ನೆಲೆಸುವ ಜೆರುಸಲೇಮನ್ನು ಪ್ರವಾದಿ ಜೆಕರ್ಯ ವರ್ಣಿಸುವಾಗ, ಊರುಗೋಲು ಹಿಡಿದ ವೃದ್ಧರು ಕುಳಿತಿರುವ ಬೀದಿಗಳಲ್ಲೇ ಹುಡುಗ ಹುಡುಗಿಯರು ತುಂಬಿ ಆಡುತ್ತಿರುವುದನ್ನು ಕಾಣುತ್ತಾನೆ. ಹಿರಿಯರ ಕಣ್ಣಳತೆಯಲ್ಲಿ ಮಕ್ಕಳ ಆಟ ನಡೆಯುವ ಊರೇ ಅವನಿಗೆ ದೇವರ ಊರು. ಅಂಕಗಳು ಕಡಿಮೆಯಾಗುತ್ತವೆಂಬುದು ಮತ್ತೊಂದು ಆಕ್ಷೇಪ. ಮೊಬೈಲಿಗೆ ಹೋಗುತ್ತಿರುವ ಗಂಟೆಯನ್ನು ಆಟಕ್ಕೆ ಕೇಳುತ್ತಿದ್ದೇವೆಯೇ ಹೊರತು ಓದಿನ ಗಂಟೆಯನ್ನಲ್ಲ.

ಮನೆಯೊಳಗಿನ ಕರ್ತವ್ಯವೂ ಇದೆ. ಮೈದಾನ ತೆರೆದ ಮಾತ್ರಕ್ಕೆ ಮೊಬೈಲು ತಾನಾಗಿ ಕೆಳಗಿಳಿಯದು. ಊಟದ ಮೇಜಿನಲ್ಲಿ ಯಾರ ಕೈಯಲ್ಲೂ ಪರದೆ ಇರಬಾರದು; ಮಲಗುವ ಕೋಣೆಗೆ ಅದು ಹೋಗಬಾರದು; ಸಂಜೆಯ ಜಪಸರದ ಹೊತ್ತಿಗೆ ಮನೆಯವರೆಲ್ಲರ ಮೊಬೈಲು ಒಂದೇ ಕಡೆ ಇರಬೇಕು. ಈ ನಿಯಮಗಳು ಮಕ್ಕಳಿಗಷ್ಟೇ ಅನ್ವಯಿಸಿದರೆ ನಿಲ್ಲುವುದಿಲ್ಲ. ಜಪಸರದ ನಡುವೆ ತಂದೆ ಕೆಳಗಣ್ಣಿನಿಂದ ಮೊಬೈಲು ನೋಡುವುದನ್ನು ಮಗು ಗಮನಿಸದೆ ಇರುವುದಿಲ್ಲ. ಬೇಕರಿಯ ತಿಂಡಿ, ಪೊಟ್ಟಣದ ತಿನಿಸು, ಸಿಹಿ ಪಾನೀಯಗಳು ಹಬ್ಬದ ದಿನಕ್ಕಿರಲಿ. ಶಾಲೆಯಿಂದ ಹಸಿದು ಬಂದ ಮಗುವಿಗೆ ಬಾಳೆಹಣ್ಣು, ಬೇಯಿಸಿದ ಕಡಲೆ, ಅವಲಕ್ಕಿ, ಗೆಣಸು ಸಾಕು. ಚಿಕ್ಕ ದೂರಗಳಿಗೆ, ವಿಶೇಷವಾಗಿ ಭಾನುವಾರದ ಬಲಿಪೂಜೆಗೆ, ಸಾಧ್ಯವಿರುವ ಮನೆಯವರು ಮಕ್ಕಳೊಂದಿಗೆ ನಡೆದೇ ಹೋಗಬಹುದು.

ಇಗರ್ಜಿಗಳ ನವೀಕರಣಕ್ಕೆ, ಸಭಾಭವನಗಳ ನಿರ್ಮಾಣಕ್ಕೆ ಲಕ್ಷಗಟ್ಟಲೆ ಹಣವನ್ನು ಸಂತೋಷದಿಂದ ಕೂಡಿಸುವ ಜನ ನಾವು. ಇಲ್ಲಿ ನಾವು ಕೇಳುತ್ತಿರುವುದು ಒಂದು ಬೀಗದ ಕೈ, ಎರಡು ಚೆಂಡು, ಒಂದು ಹಗ್ಗ ಮತ್ತು ಸರದಿಯಲ್ಲಿ ಬಂದು ಕೂರುವ ಇಬ್ಬರು ಹಿರಿಯರನ್ನು. ಪ್ರತಿ ಧರ್ಮಕೇಂದ್ರದ ಪಾಲನಾ ಮಂಡಳಿ ತನ್ನ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಬೀಗದ ಕೈ ಯಾರ ಬಳಿ ಇರಬೇಕು, ಮೊದಲ ವಾರದ ಸರದಿ ಯಾರದು ಎಂಬೆರಡನ್ನು ಅಂದೇ ನಿರ್ಧರಿಸಲಿ. ಧರ್ಮಗುರುಗಳು, ಧರ್ಮಭಗಿನಿಯರು, ಶಿಕ್ಷಕರು ಮತ್ತು ತಂದೆತಾಯಿಗಳು ಈ ವಿನಂತಿಯನ್ನು ಮನಸ್ಸಿಗೆ ತೆಗೆದುಕೊಳ್ಳುವರೆಂದು ನಂಬಿದ್ದೇವೆ.